ಸಿಟಿ ಸ್ಕ್ಯಾನ್ ಆಗುವವರೆಗೆ ಆಸ್ಪಿರಿನ್ ಬೇಡ

ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಸ್ಟ್ರೋಕ್ ಆದವರ ಜೊತೆ ಬಂದವರು ಕನ್ನಡದವರಾದರೆ ಕ್ಯಾಶುವಲ್ಟಿಯಿಂದ ನನ್ನನ್ನೇ ಕರೆಯುತ್ತಾರೆ. ಹೆಚ್ಚಾಗಿ ಉಡುಪಿ, ಕುಂದಾಪುರ ಕಡೆಯ ಹೋಟೆಲ್ ಕೆಲಸದವರು. ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇರುತ್ತಾರೆ. ಅವರಿಂದ ಮತ್ತೆ ಮತ್ತೆ ಕೇಳುವ ಮಾತು: "ಅಣ್ಣಾ, ಬರುವಾಗಲೇ ಒಂದು ಆಸ್ಪಿರಿನ್ ಕೊಟ್ಟಿದ್ದೇವೆ."

ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ. ಎದೆನೋವಿಗೆ ಆ ಮಾತ್ರೆ ಕೊಡುವುದನ್ನು ಎಲ್ಲೋ ಕೇಳಿರುತ್ತಾರೆ. ಆದರೆ ಸ್ಟ್ರೋಕ್ ಎರಡು ಬಗೆ. ಹೆಚ್ಚಿನವು ರಕ್ತನಾಳ ಕಟ್ಟಿಕೊಂಡು ಆಗುವಂಥವು. ಉಳಿದವು ನಾಳ ಒಡೆದು, ಮಿದುಳಿನ ಒಳಗೋ ಸುತ್ತಲೋ ರಕ್ತ ಸೋರಿ ಆಗುವಂಥವು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಒಡೆದ ನಾಳಕ್ಕೆ ಬೇಕಾಗಿರುವುದು ರಕ್ತ ಹೆಪ್ಪುಗಟ್ಟುವುದೇ, ಅಲ್ವಾ?

ಹೊರಗಿನಿಂದ ನೋಡಿ ಇದು ಯಾವುದು ಎಂದು ಹೇಳಲಾಗದು. ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು ಎರಡರಲ್ಲೂ ಇದೆ. ಜೋರು ತಲೆನೋವು, ವಾಂತಿ, ಬೇಗ ಎಚ್ಚರ ತಪ್ಪುವುದು ರಕ್ತಸ್ರಾವದಲ್ಲಿ ಜಾಸ್ತಿ. ಆದರೂ ಅಷ್ಟನ್ನೇ ನಂಬಿ ಯಾವ ಡಾಕ್ಟರೂ ತೀರ್ಮಾನಿಸುವುದಿಲ್ಲ. ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ, ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಾಳ ಕಟ್ಟಿದ್ದರೆ ಮೊದಲ ಗಂಟೆಗಳಲ್ಲಿ ಚಿತ್ರ ಮಾಮೂಲಿಯಾಗಿಯೇ ಇರಬಹುದು. ಆಗ ನಾಲ್ಕೂವರೆ ಗಂಟೆಯೊಳಗೆ ಬಂದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ರಕ್ತಸ್ರಾವ ಇದ್ದವರಿಗೆ ಅದೇ ಇಂಜೆಕ್ಷನ್ ಜೀವಕ್ಕೆ ಅಪಾಯ.

ತಲೆಬುರುಡೆ ಹಿಗ್ಗುವುದಿಲ್ಲ. ಸೋರಿದ ರಕ್ತ ಪಕ್ಕದ ಮಿದುಳನ್ನೇ ಒತ್ತುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಅದು ದೊಡ್ಡದಾಗಬಹುದು. ಎರಡನೇ ಸ್ಕ್ಯಾನ್‌ನಲ್ಲಿ ಬಿಳಿ ಮಚ್ಚೆ ಬೆಳೆದಿರುವುದನ್ನು ನೋಡಿದಾಗೆಲ್ಲ ಹೊಟ್ಟೆ ಕಿವುಚುತ್ತದೆ. ಅದಕ್ಕೇ ಡಾಕ್ಟರು ಮೇಲಿನ ಬಿಪಿಯನ್ನು ಬೇಗ 140ರ ಆಸುಪಾಸಿಗೆ ಇಳಿಸಲು ನೋಡುತ್ತಾರೆ. ಬಿಪಿ, ಸಕ್ಕರೆ, ಜ್ವರ ಮೂರನ್ನೂ ಒಟ್ಟಿಗೇ ಹಿಡಿತಕ್ಕೆ ತಂದು, ರಕ್ತ ತೆಳುವಾಗಿಸುವ ಔಷಧಿಯ ಪರಿಣಾಮವನ್ನೂ ತಕ್ಷಣ ತಡೆದರೆ ರೋಗಿಗಳು ಹೆಚ್ಚು ಚೇತರಿಸಿಕೊಳ್ಳುತ್ತಾರೆ ಎಂದು 2023ರಲ್ಲಿ ಪ್ರಕಟವಾದ ಇಂಟರ್‌ಆ್ಯಕ್ಟ್-3 ಅಧ್ಯಯನ ತೋರಿಸಿತು. ಅದರಲ್ಲಿ ಭಾರತದ ರೋಗಿಗಳೂ ಇದ್ದರು.

"ಆಪರೇಷನ್ ಯಾವಾಗ?" ಎಂದು ಮನೆಯವರು ಕೇಳುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ. ಹಿಂಬದಿಯ ಕಿರುಮಿದುಳಿನಲ್ಲಿ ದೊಡ್ಡದಾಗಿ ರಕ್ತ ಸೋರಿದ್ದರೆ ಆಪರೇಷನ್ ಜೀವ ಉಳಿಸಬಹುದು. ತುಂಬಾ ಆಳದಲ್ಲಿ ಸೋರಿದ್ದರೆ ಹಲವು ಸಲ ಔಷಧಿಯಲ್ಲೇ ನೋಡಿಕೊಳ್ಳುತ್ತಾರೆ.

ಆಳದ ರಕ್ತಸ್ರಾವಕ್ಕೆ ಮುಖ್ಯ ಕಾರಣ ಬಿಪಿ. ಅಲ್ಲಿನ ಸಣ್ಣ ಸಣ್ಣ ನಾಳಗಳು ವರ್ಷಗಟ್ಟಲೆ ಒತ್ತಡ ತಿಂದು ದುರ್ಬಲವಾಗುತ್ತವೆ. ಮಾತ್ರೆ ಬಗ್ಗೆ ಕೇಳಿದರೆ "ಊರಿಗೆ ಹೋದಾಗ ತಂದಿದ್ದರು, ಮುಗಿಯಿತು" ಎನ್ನುತ್ತಾರೆ. "ಬಿಪಿ ಸರಿಯಾಯಿತಲ್ಲ, ಬಿಟ್ಟರು" ಎನ್ನುವವರೂ ಇದ್ದಾರೆ. ಮಾತ್ರೆ ತಿಂದಿದ್ದರಿಂದಲೇ ಸರಿಯಾಗಿತ್ತು! ಈ ಒಂದು ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ, ಅವರ ಮೇಲಲ್ಲ, ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲವಲ್ಲ ಎಂದು.

ಯಾರಿಗಾದರೂ ಹೀಗಾದರೆ 108ಕ್ಕೆ ಫೋನ್ ಮಾಡಿ. ರಾತ್ರಿಯೂ ಸಿಟಿ ನಡೆಯುವ ಆಸ್ಪತ್ರೆಗೇ ಕರೆದೊಯ್ಯಲು ಕೇಳಿ. ಬಾಯಿಗೆ ನೀರೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋಗಬಹುದು. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ನೆನಪಿಟ್ಟುಕೊಳ್ಳಿ. ಮಾತ್ರೆಗಳ ಪಟ್ಟಿಯನ್ನು ಜೊತೆಗೇ ತನ್ನಿ. ಒಂದೇ ರೂಮಿನಲ್ಲಿ ಇರುವವರು ಒಬ್ಬೊಬ್ಬರ ಮಾತ್ರೆಗಳ ಫೋಟೋ ಇನ್ನೊಬ್ಬರ ಫೋನ್‌ನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.