ಮೈನಸ್ ಅಂದ್ರೆ ಹಣ ಹೊರಗೆ ಹೋಯ್ತು ಅಂದುಕೊಂಡಿದ್ದೆ

ಹೋದ ವರ್ಷ, 2025ರ ಜೂನ್. ಕ್ಲೈಂಟ್ ಕಾಲ್ ಶುರುವಾಗಿ ಹತ್ತು ನಿಮಿಷ ಆಗಿತ್ತು. ಏಳನೇ ಸ್ಲೈಡ್ ತೆರೆದೆ. ಭಾರತ ಮತ್ತು ಚೀನಾದ ನಿವ್ವಳ ವಿದೇಶಿ ನೇರ ಹೂಡಿಕೆ, ಇಪ್ಪತ್ತು ವರ್ಷದ್ದು. ಅಂದ್ರೆ ಹೊರಗಿನವರು ದೇಶದೊಳಗಿನ ಫ್ಯಾಕ್ಟರಿ, ಕಂಪನಿಗಳಲ್ಲಿ ಹಾಕಿದ್ದಕ್ಕೂ ದೇಶದವರು ಹೊರಗೆ ಹಾಗೆ ಹಾಕಿದ್ದಕ್ಕೂ ಇರುವ ವ್ಯತ್ಯಾಸ. ಭಾರತದ ಗೆರೆ ಸೊನ್ನೆಯ ಮೇಲೆ. ಚೀನಾದ್ದು ಬಹುತೇಕ ಸೊನ್ನೆಯ ಕೆಳಗೆ. 2016ರಲ್ಲಿ ಮೊದಲ ಸಲ ಮೇಲೆ ಬಂದಿತ್ತು. ಅಲ್ಲಿ ಬಾಕ್ಸ್ ಹಾಕಿ ‘ಚೇತರಿಕೆ’ ಅಂತ ಬರೆದಿದ್ದೆ.

ಆ ಕಡೆಯಿಂದ ಹಿರಿಯರೊಬ್ಬರು ತಡೆದರು. “ಒಂದ್ನಿಮಿಷ. 2005ರಲ್ಲಿ ಚೀನಾದಿಂದ ಹಣ ಹೊರಗೆ ಹೋಗ್ತಿತ್ತಾ? ಆಗ ಎಲ್ಲರೂ ಅಲ್ಲೇ ತಾನೇ ಫ್ಯಾಕ್ಟರಿ ಹಾಕ್ತಿದ್ದಿದ್ದು?”

“ಇದು ನಿವ್ವಳ ಸರ್. ಚೀನಾದವರು ಹೊರಗೆ ಹಾಕಿದ್ದು ಜಾಸ್ತಿ” ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಇಂದಿಗೂ ಚುಚ್ಚುವುದು ಆ ಉತ್ತರವೇ. ಹಿಂದಿನ ರಾತ್ರಿ ಚಾರ್ಟ್ ಮಾಡುವಾಗ ಇದೇ ಪ್ರಶ್ನೆ ನನಗೂ ಬಂದಿತ್ತು. ಏನೋ ಕಾರಣ ಇರಬೇಕು ಅಂತ ಸುಮ್ನೆ ಮುಂದೆ ಹೋಗಿದ್ದೆ.

ಚಾಟ್‌ನಲ್ಲಿ ಮ್ಯಾನೇಜರ್ ಮೆಸೇಜ್ ಬಂತು: “ಸೋರ್ಸ್ ಯಾವುದು?” ಎಕ್ಸೆಲ್ ತೆರೆದೆ. ಭಾರತದ್ದು ಆರ್‌ಬಿಐ, ಚೀನಾದ್ದು ವಿಶ್ವಬ್ಯಾಂಕ್. ಕೈ ಬೆವರುತ್ತಿತ್ತು. ಕಾಲ್‌ನಲ್ಲಿ ಯಾರೂ ಮಾತಾಡುತ್ತಿಲ್ಲ. ಕೊನೆಗೆ ಮ್ಯಾನೇಜರ್ರೇ “ಈ ಸ್ಲೈಡ್ ಸರಿಮಾಡಿ ಕಳಿಸ್ತೀವಿ” ಅಂದರು. ಅಲ್ಲಿಗೆ ಕಾಲ್ ಮುಗಿಯಿತು.

ಆಗಿದ್ದು ಇಷ್ಟು. ಆರ್‌ಬಿಐ ಪಟ್ಟಿಯಲ್ಲಿ ಪ್ಲಸ್ ಅಂದ್ರೆ ಹಣ ಒಳಗೆ ಬಂತು ಅಂತ. ವಿಶ್ವಬ್ಯಾಂಕ್‌ನ ಆ ಸಾಲು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಪಾವತಿ ಸಮತೋಲನ ಕೈಪಿಡಿಯ ಆರನೇ ಆವೃತ್ತಿಯ ಲೆಕ್ಕದ್ದು. ದೇಶದವರು ಹೊರಗೆ ಹಾಕಿದ್ದರಲ್ಲಿ ಹೊರಗಿನವರು ಒಳಗೆ ಹಾಕಿದ್ದನ್ನು ಕಳೆಯುತ್ತಾರೆ. ಹಾಗಾಗಿ ಅಲ್ಲಿ ಮೈನಸ್ ಅಂದ್ರೆ ಒಳಗೆ ಬಂದದ್ದೇ ಜಾಸ್ತಿ. ನನ್ನ ‘ಚೇತರಿಕೆ’ಯ 2016 ನಿಜಕ್ಕೂ ಚೀನಾದ ಹಣ ಹೊರಗೆ ನುಗ್ಗಿದ ವರ್ಷ. ಚೀನಾದ ಸರ್ಕಾರಿ ರಾಸಾಯನಿಕ ಕಂಪನಿ ಕೆಮ್‌ಚೈನಾ, ಸ್ವಿಟ್ಜರ್‌ಲೆಂಡಿನ ಬೀಜ-ಕೀಟನಾಶಕ ಕಂಪನಿ ಸಿಂಜೆಂಟಾವನ್ನು 4,300 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಮುಂದಾದದ್ದು ಆಗಲೇ. ಇಡೀ ಇಪ್ಪತ್ತು ವರ್ಷದ ಕಥೆಯನ್ನು ನಾನು ತಲೆಕೆಳಗು ಹೇಳಿದ್ದೆ.

ನಮ್ಮ ಡ್ಯಾಶ್‌ಬೋರ್ಡ್ ಟೂಲ್ ಮೇಲೂ ಸಿಟ್ಟಿದೆ. ಫೈಲ್ ಅಪ್‌ಲೋಡ್ ಮಾಡಿದರೆ ಅಂಕಿ ಮಾತ್ರ ಉಳಿಸಿಕೊಂಡು ಟಿಪ್ಪಣಿ ಶೀಟನ್ನು ಬಿಟ್ಟುಬಿಡುತ್ತದೆ. ಎಷ್ಟು ಸಲ ಹೇಳಿದರೂ ಮ್ಯಾನೇಜ್‌ಮೆಂಟ್ ಕಿವಿಗೆ ಬಿದ್ದಿಲ್ಲ. ಸಂಜೆ ಆರಕ್ಕೆ ಸ್ಲೈಡ್‌ಗಳನ್ನು ಕೇಳಿ ಬೆಳಿಗ್ಗೆ ಹತ್ತಕ್ಕೆ ಕಾಲ್ ಇಟ್ಟರೆ ಮೇಕರ್-ಚೆಕರ್, ಅಂದ್ರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸುವುದು, ಎಲ್ಲಿ ಆಗುತ್ತೆ ಹೇಳಿ? ಆದರೂ 2005 ಕಣ್ಣೆದುರೇ ಇತ್ತು. ಅದನ್ನು ದಾಟಿ ಹೋದದ್ದು ನಾನು. ಈಗ ಚಾರ್ಟ್ ಹಾಕುವ ಮುಂಚೆ ನನಗೆ ಚೆನ್ನಾಗಿ ಗೊತ್ತಿರುವ ಒಂದು ವರ್ಷ ತೆಗೆದು, ಚಿಹ್ನೆ ಸರಿಯಿದೆಯಾ ಅಂತ ನೋಡುತ್ತೇನೆ. ಆರ್‌ಬಿಐ ವರ್ಷ ಏಪ್ರಿಲ್‌ನಿಂದ ಮಾರ್ಚ್, ವಿಶ್ವಬ್ಯಾಂಕ್‌ನ ಚೀನಾ ಅಂಕಿಯದ್ದು ಜನವರಿಯಿಂದ ಡಿಸೆಂಬರ್. ಅದನ್ನೂ ಮೇಲಿನ ಸಾಲಲ್ಲೇ ಬರೆದಿಡುತ್ತೇನೆ.

ವಾರದ ನಂತರ ಎರಡನೇ ಕಾಲ್. ಆ ಹಿರಿಯರು ಚೀನಾ ಸ್ಲೈಡ್ ನೋಡಿ ತಲೆಯಾಡಿಸಿ ಮುಂದೆ ಹೋದರು. ನಿಂತದ್ದು ಭಾರತದ ಸ್ಲೈಡ್ ಮುಂದೆ. ಆ ಮೇ ತಿಂಗಳ ಆರ್‌ಬಿಐ ಅಂಕಿ ಪ್ರಕಾರ 2024-25ರಲ್ಲಿ ಒಳಗೆ ಬಂದದ್ದು ಸುಮಾರು 8,100 ಕೋಟಿ ಡಾಲರ್. ಹೊರಗಿನ ಹೂಡಿಕೆದಾರರು ವಾಪಸ್ ತೆಗೆದುಕೊಂಡು ಹೋದದ್ದು 5,150 ಕೋಟಿ. ನಮ್ಮ ಕಂಪನಿಗಳು ಹೊರಗೆ ಹಾಕಿದ್ದನ್ನೂ ಕಳೆದರೆ ಉಳಿದದ್ದು ಬರೀ 35 ಕೋಟಿ. 2020-21ರಲ್ಲಿ ಅದು ಸುಮಾರು 4,400 ಕೋಟಿ ಇತ್ತು. ಹುಂಡೈ ಇಂಡಿಯಾ ಐಪಿಒದ (ಜನರಿಗೆ ಮೊದಲ ಸಲ ಷೇರು ಮಾರಿದ್ದು) 27,870 ಕೋಟಿ ರೂಪಾಯಿ ಪೂರ್ತಿ ಕೊರಿಯಾದ ಮಾತೃ ಕಂಪನಿ ಪಾಲಾದದ್ದು 2024-25ರಲ್ಲೇ. ಆ ಹಿರಿಯರು ಇಪ್ಪತ್ತು ನಿಮಿಷ ಭಾರತದ ಈ ಇಳಿಕೆಯ ಬಗ್ಗೆಯೇ ಕೇಳಿದರು. ಅದು ಹನ್ನೊಂದನೇ ಸ್ಲೈಡ್. ಮೊದಲ ಕಾಲ್‌ನಲ್ಲಿ ಅಲ್ಲಿಗೆ ನಾವು ತಲುಪಿಯೇ ಇರಲಿಲ್ಲ.