ಹಾಗಲ ಬೀಜಕ್ಕೆ ಒದ್ದೆ ಬಟ್ಟೆ

ಹಾಗಲ ಬೀಜವನ್ನು ನಾನು ನೇರವಾಗಿ ಮಣ್ಣಿಗೆ ಹಾಕುವುದಿಲ್ಲ. ಅದರ ಸಿಪ್ಪೆ ಅಷ್ಟು ಗಟ್ಟಿ. ಕುಂಡದಲ್ಲಿ ಹಾಕಿ ಕಾಯುತ್ತಾ ಕೂತರೆ ಮೊಳೆಯಿತೋ, ಕೊಳೆಯಿತೋ, ಇರುವೆ ಪಾಲಾಯಿತೋ ಒಂದೂ ಗೊತ್ತಾಗುವುದಿಲ್ಲ.

ನೇಲ್ ಕಟರ್‌ನಿಂದ ಬೀಜದ ಚೂಪು ತುದಿಯನ್ನು ಚೂರೇ ಚೂರು ಕತ್ತರಿಸುತ್ತೇನೆ. ಒಳಗಿನ ಬಿಳಿ ಬೇಳೆಗೆ ತಾಗಬಾರದು. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಯಲ್ಲಿಡುವುದು. ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು. ಬೀಜಕ್ಕೂ ಗಾಳಿ ಬೇಕು, ಅಲ್ವಾ? 25ರಿಂದ 30 ಡಿಗ್ರಿ ಶಾಖ ಇದ್ದರೆ ಒಳ್ಳೆಯದು. ಬೆಂಗಳೂರಿನ ಜನವರಿ ಚಳಿಯಲ್ಲಿ ನಮ್ಮ ಡಬ್ಬಿ ಸೆಟ್ ಟಾಪ್ ಬಾಕ್ಸ್ ಮೇಲೆ ಕೂರುತ್ತದೆ. ಮನೆಯವರಿಗೆ ಕಿರಿಕಿರಿ, ಆದರೂ ಅಲ್ಲೇ.

ಸಿಪ್ಪೆ ಬಾಯಿಬಿಟ್ಟು ಬಿಳಿ ಬೇರು ಅಕ್ಕಿಕಾಳಿನಷ್ಟು ಹೊರಬಂದ ತಕ್ಷಣ ಮಣ್ಣಿಗೆ. ತಡವಾದರೆ ಬೇರು ಬಟ್ಟೆಯ ನೂಲಿಗೆ ಹೆಣೆದುಕೊಳ್ಳುತ್ತದೆ, ಬಿಡಿಸಲು ಹೋದರೆ ಪಟ್ ಅಂತ ಮುರಿಯುತ್ತದೆ. ಹಾಗೆ ಅಂಟಿಕೊಂಡರೆ ಆ ಚೂರು ಬಟ್ಟೆ ಸಮೇತ ಕತ್ತರಿಸಿ ನೆಡಿ. ಬೇರು ಕೆಳಗೆ, ಮೇಲೆ ಬೆರಳಿನ ಅರ್ಧ ಗೆಣ್ಣಿನಷ್ಟು ಮಣ್ಣು.

ಗದ್ದೆ ಮಾಡುವವರಿಗೆ ಇದೇನೂ ಹೊಸದಲ್ಲ. ಭತ್ತವನ್ನು ನೆನೆಸಿ, ಗೋಣಿಚೀಲದಲ್ಲಿ ಕಟ್ಟಿಟ್ಟು, ಮೊಳಕೆ ಬರಿಸಿಯೇ ಸಸಿಮಡಿಗೆ ಚೆಲ್ಲುತ್ತಾರೆ.

ಹೀರೆ, ಸೋರೆ, ಪಡವಲಕ್ಕೂ ಇದೇ ದಾರಿ. ಮೂಲಂಗಿ, ಕ್ಯಾರೆಟ್‌ಗೆ ಮಾತ್ರ ಬೇಡ. ಅವುಗಳ ಮೊದಲ ಬೇರೇ ನಾವು ತಿನ್ನುವ ಗೆಡ್ಡೆ. ಅದಕ್ಕೆ ಪೆಟ್ಟಾದರೆ ಕವಲೊಡೆಯುತ್ತದೆ. ಹರಿವೆ ಬೀಜವಂತೂ ಸಾಸಿವೆಗಿಂತ ಸಣ್ಣದು. ಸುಮ್ನೆ ಮರಳಿನ ಜೊತೆ ಬೆರೆಸಿ ಉದುರಿಸಿಬಿಡಿ.