ಬಿಯರ್ ತಾನೇ ಬಿಸಿಯಾಗತ್ತೆ

2025 ಮೇ 10, ಶನಿವಾರ

ನಿನ್ನೆ ಸಂಜೆ ಯೀಸ್ಟ್ ಹಾಕಿದ್ದ ಮನೇಲೇ ಮಾಡ್ತಿರೋ 20 ಲೀಟರ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆ ಬಿಯರ್) ಫ್ರಿಜ್ ಒಳಗೆ ಈಗ ಜೋರಾಗಿದೆ, ನೊರೆ ಫರ್ಮೆಂಟರ್ (ಬಿಯರ್ ಹುಳಿಯೋ ಪಾತ್ರೆ) ಕುತ್ತಿಗೆವರೆಗೂ ಬಂದಿದೆ, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯೋ, ನೀರು ತುಂಬಿದ ಪುಟ್ಟ ಕೊಳವೆ) ಬಿಡುವಿಲ್ದೆ ಗುಳುಗುಳು ಅಂತಿದೆ. ಕಂಟ್ರೋಲರ್‌ನಲ್ಲಿ (ಫ್ರಿಜ್ಜನ್ನ ಆನ್ ಆಫ್ ಮಾಡೋ ಡಬ್ಬಿ) ಸೆಟ್ ಮಾಡಿರೋದು 18 ಡಿಗ್ರಿ, ಬಿಯರ್ 18.4ರಲ್ಲಿದೆ, ಆದ್ರೆ ಫ್ರಿಜ್ ಒಳಗಿನ ಗಾಳಿ 13ಕ್ಕೆ ಇಳಿದಿದೆ! ಸುತ್ತ ಅಷ್ಟು ತಣ್ಣಗಿದ್ರೂ ಬಿಯರ್ ಮಾತ್ರ 18 ಬಿಟ್ಟು ಕೆಳಗೆ ಬರ್ತಿಲ್ಲ, ಯಾಕಂದ್ರೆ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲು ಮಾಡುವಾಗ ಬಿಸೀನೂ ಬಿಡತ್ತೆ. ಮಾಮೂಲಿ ಸ್ಟ್ರಾಂಗ್ ಇರೋ ಒಂದು ಬ್ಯಾಚ್ ಬಿಯರಲ್ಲಿ ಹುಟ್ಟೋ ಬಿಸಿ ಎಲ್ಲಾ ಒಳಗೇ ಉಳ್ಕೊಂಡ್ರೆ ಬಿಯರು 10 ಡಿಗ್ರಿಗಿಂತ ಜಾಸ್ತಿ ಏರತ್ತೆ. ಹೊರಗೆ ಹೋಗ್ತಾ ಇರೋದ್ರಿಂದ ಅಷ್ಟು ಏರಲ್ಲ, ಆದ್ರೂ ಜೋರಾಗಿರೋ ಹೊತ್ತಲ್ಲಿ ರೂಮಿಗಿಂತ ಮೂರ್ನಾಲ್ಕು ಡಿಗ್ರಿ ಮೇಲಿರೋದು ಮಾಮೂಲು. ರೂಮು 22 ಇದೆ, ಏಲ್ ಯೀಸ್ಟಿಗೆ 18ರಿಂದ 22 ಸಾಕು ಅಂತ ನೆಮ್ಮದಿಯಾಗಿ ಕೂತ್ರೆ ಒಳಗಿರೋ ಬಿಯರು 26 ಮುಟ್ಟಿರತ್ತೆ.

ಅದಕ್ಕೇ ನಾನು ಕಂಟ್ರೋಲರಿನ ಪ್ರೋಬ್ (ಟೆಂಪರೇಚರ್ ಅಳೆಯೋ ತಂತಿಯ ತುದಿ) ಗಾಳೀಲಿ ನೇತಾಡೋಕೆ ಬಿಡಲ್ಲ. ಫರ್ಮೆಂಟರ್ ಗೋಡೆಗೆ, ಬಿಯರ್ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಟೇಪ್ ಹಚ್ಚಿ ಅಂಟಿಸಿ ಅದರ ಮೇಲೆ ದಪ್ಪ ಫೋಮ್ ತುಂಡು ಕಟ್ತೀನಿ, ಆಗ ಅದು ಓದೋದು ಹೆಚ್ಚುಕಮ್ಮಿ ಬಿಯರ್ ಟೆಂಪರೇಚರನ್ನೇ. ಮುಚ್ಚಳದಿಂದ ಒಳಗೆ ಇಳಿಯೋ ಸ್ಟೀಲ್ ಕೊಳವೆ ಇದ್ರೆ ಅದರೊಳಗೆ ಪ್ರೋಬ್ ಬಿಡೋದು ಇನ್ನೂ ಒಳ್ಳೇದು. ಗಾಳಿ ಅಳೆದ್ರೆ ಏನಾಗತ್ತೆ ಅಂದ್ರೆ, ಗಾಳಿ ಬೇಗ ತಣ್ಣಗಾಗತ್ತೆ, ಫ್ರಿಜ್ ಆಫ್ ಆಗತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಆನ್, ಹೀಗೇ ಕಂಪ್ರೆಸರ್ ಸವೀತಿರತ್ತೆ, ಅಷ್ಟೆಲ್ಲಾ ಆದ್ರೂ ಬಿಯರು ತನ್ನ ಪಾಡಿಗೆ ಏರ್ತಾ ಇರತ್ತೆ. ಕಂಟ್ರೋಲರಲ್ಲಿ ವ್ಯತ್ಯಾಸ ಅರ್ಧ ಡಿಗ್ರಿ ಇಟ್ಟಿದೀನಿ, ಅಂದ್ರೆ ಸೆಟ್ ಮಾಡಿದ್ದಕ್ಕಿಂತ ಅಷ್ಟು ಏರಿದ ಮೇಲೇ ಫ್ರಿಜ್ ಆನ್ ಆಗತ್ತೆ. ಕಂಪ್ರೆಸರ್ ಡಿಲೇ, ಅಂದ್ರೆ ಆಫ್ ಆದ ಮೇಲೆ ಮತ್ತೆ ಆನ್ ಆಗೋಕೆ ಕಾಯೋ ಹೊತ್ತು, ಐದು ನಿಮಿಷ.

ಇಷ್ಟೆಲ್ಲಾ ಯಾಕೆ ಅಂದ್ರೆ ಬಿಯರ್ ರುಚಿಯ ಬಹುಪಾಲು ಮೊದಲ ಎರಡ್ಮೂರು ದಿನದಲ್ಲೇ ತೀರ್ಮಾನ ಆಗೋಗತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಯೀಸ್ಟ್ ತನ್ನ ಸಂತಾನ ಬೆಳೆಸ್ಕೊಳ್ಳೋ ಹೊತ್ತದು. ಆಗ ಬಿಸಿ ಜಾಸ್ತಿ ಆದ್ರೆ ಬಾಳೆಹಣ್ಣಿನ ವಾಸನೆ ಕೊಡೋ ಎಸ್ಟರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಬರ್ತವೆ, ಜೊತೆಗೆ ಫ್ಯೂಸೆಲ್ ಆಲ್ಕೋಹಾಲುಗಳು, ಪೇಂಟ್ ಥಿನ್ನರ್ ತರ ಘಾಟು, ಗಂಟಲಲ್ಲಿ ಸುಟ್ಟಂಗೆ ಆಗೋದು. ಎಸ್ಟರ್ ಕೆಲವು ಬಿಯರಿಗೆ ಬೇಕೇ ಬೇಕು, ಗೋಧಿ ಬಿಯರಿಗೆ ಅದೇ ಶೋಭೆ. ಫ್ಯೂಸೆಲ್ ಮಾತ್ರ ಒಂದ್ಸಲ ಬಂತು ಅಂದ್ರೆ ಎಷ್ಟು ದಿನ ಇಟ್ರೂ ಹೋಗಲ್ಲ. ಅದಕ್ಕೆ ವರ್ಟನ್ನ (ಯೀಸ್ಟ್ ಹಾಕೋ ಮುಂಚಿನ ಸಿಹಿ ಮಾಲ್ಟ್ ರಸ) 17ಕ್ಕೆ ಇಳಿಸಿ ಆಮೇಲೇ ಯೀಸ್ಟ್ ಹಾಕಿದ್ದು, ಕೆಳಗಿಂದ ನಿಧಾನಕ್ಕೆ 18ಕ್ಕೆ ಏರ್ಲಿ ಅಂತ. 26ರಲ್ಲಿ ಹಾಕಿ, ಆಮೇಲೆ ತಣ್ಣಗೆ ಮಾಡೋಣ ಅನ್ನೋದು ನಂಗೆ ಒಪ್ಪಿಗೆ ಇಲ್ಲ, ಅಷ್ಟರಲ್ಲಿ ಯೀಸ್ಟ್ ಕೆಲಸ ಶುರು ಮಾಡಿರತ್ತೆ.

ಫ್ರಿಜ್ ಇಲ್ದೇ ಇರೋರು ಕೈಚೆಲ್ಲಬೇಕಾಗಿಲ್ಲ. ಫರ್ಮೆಂಟರನ್ನ ನೀರಿರೋ ದೊಡ್ಡ ಟಬ್ಬಲ್ಲಿ ಇಟ್ಟು, ಮೈಗೆ ಹಳೇ ಟೀಶರ್ಟ್ ತೊಡಿಸಿ ಅದರ ತುದಿ ನೀರಲ್ಲಿ ಮುಳುಗೋ ಹಾಗೆ ಬಿಟ್ಟು ಫ್ಯಾನ್ ಹಾಕಿದ್ರೆ, ಮಣ್ಣಿನ ಮಡಕೇಲಿ ನೀರು ತಣ್ಣಗಾಗೋ ಲೆಕ್ಕಾನೇ, ನೀರು ಆರ್ತಾ ಆರ್ತಾ ಬಿಸಿ ಎಳ್ಕೊಂಡು ಹೋಗತ್ತೆ. ಹವೆ ಒಣಗಿದ್ರೆ ಚೆನ್ನಾಗಿ ಕೆಲಸ ಮಾಡತ್ತೆ, ತೇವ ಇದ್ರೆ ಅಷ್ಟಕ್ಕಷ್ಟೆ, ಆಗ ನೀರು ತುಂಬಿ ಫ್ರೀಜ್ ಮಾಡಿದ ಬಾಟ್ಲಿಗಳನ್ನ ಬೆಳಿಗ್ಗೆ ಸಂಜೆ ಟಬ್ಬಿಗೆ ಹಾಕ್ತಿರಬೇಕು. ಟಬ್ಬಿನ ನೀರಿಂದ ಇನ್ನೊಂದು ಲಾಭ, ಹಗಲು ರಾತ್ರಿಯ ಏರಿಳಿತ ಬಿಯರಿಗೆ ಅಷ್ಟಾಗಿ ತಟ್ಟಲ್ಲ.

ಇಲ್ಲಾಂದ್ರೆ ಹವೆಗೆ ತಕ್ಕ ಯೀಸ್ಟ್ ಆರಿಸ್ಕೊಳ್ಳೋದು. ನಾರ್ವೆಯ ಹಳ್ಳಿ ಮನೆಗಳಲ್ಲಿ ತಲೆಮಾರುಗಳಿಂದ ಉಳಿಸ್ಕೊಂಡು ಬಂದಿರೋ ಕ್ವೈಕ್ ಯೀಸ್ಟ್ 35 ಡಿಗ್ರೀಲೂ ಕ್ಲೀನಾಗಿ ಕೆಲಸ ಮಾಡತ್ತೆ, ನಂಗಂತೂ ಅದು ಈಗ್ಲೂ ಆಶ್ಚರ್ಯ. ಸೈಸಾನ್ (ಬೆಲ್ಜಿಯಂ ಕಡೆಯ ಒಂದು ಬಗೆ ಬಿಯರ್) ಯೀಸ್ಟಲ್ಲಿ ಕೆಲವು 30ರಲ್ಲೂ ಖುಷಿಯಾಗಿರ್ತವೆ. ತಣ್ಣಗೇ ಹುಳಿಯೋ ಲಾಗರ್ ಬಿಯರಿನ ಯೀಸ್ಟಿಗೆ ಮಾತ್ರ 8ರಿಂದ 13 ಬೇಕು, ಅದಕ್ಕೆ ಟಬ್ಬು ಟೀಶರ್ಟು ಸಾಲಲ್ಲ.

ಹಿಂದಿನೋರಿಗೆ ಇದು ಇನ್ನೂ ದೊಡ್ಡ ತಲೆನೋವು. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡೋ ಹಾಗೇ ಇಲ್ಲ ಅಂತ ಕಾನೂನೇ ಬಂತು, ಬೇಸಿಗೇಲಿ ಮಾಡಿದ್ದು ಅಷ್ಟು ಕೆಡ್ತಿತ್ತು. 1870ರ ದಶಕದಲ್ಲಿ ಜರ್ಮನ್ ಎಂಜಿನಿಯರ್ ಕಾರ್ಲ್ ಫಾನ್ ಲಿಂಡೆ ತನ್ನ ತಣ್ಣಗೆ ಮಾಡೋ ಮಷೀನನ್ನ ಮ್ಯೂನಿಕ್‌ನ ಸ್ಪಾಟೆನ್ ಬ್ರೂವರೀಲಿ ಓಡಿಸಿ ನೋಡ್ದ. ಫ್ರಿಜ್ಜಿನ ಚರಿತ್ರೇಲಿ ಬಿಯರಿಗೆ ಇಷ್ಟು ದೊಡ್ಡ ಪಾಲಿದೆ ಅನ್ನೋದು ನೆನೆಸ್ಕೊಂಡ್ರೇ ಖುಷಿ ಆಗತ್ತೆ.

ಮುಂದಿನ ಪ್ಲಾನು: ನೊರೆ ಕುಸಿಯೋಕೆ ಶುರುವಾದ ಮೇಲೆ ದಿನಕ್ಕೊಂದು ಡಿಗ್ರಿ ಹಾಗೆ 21ವರೆಗೆ ಏರಿಸ್ತೀನಿ. ಈ ಹಂತದಲ್ಲಿ ಬಿಸಿ ಕೊಟ್ರೆ ಕೆಟ್ಟ ರುಚಿ ಬರಲ್ಲ, ಬದ್ಲಿಗೆ ಯೀಸ್ಟ್ ಕೊನೇ ಸಕ್ಕರೇನೂ ಮುಗ್ಸಿ, ತಾನೇ ಮಾಡಿಟ್ಟ ಬೆಣ್ಣೆ ವಾಸನೆಯ ಡೈಅಸಿಟೈಲನ್ನ ವಾಪಸ್ ತಿನ್ನತ್ತೆ. ಇಲ್ಲಿ ತಣ್ಣಗೆ ಇಟ್ರೆ ಯೀಸ್ಟ್ ಮಲಗಿಬಿಡತ್ತೆ, ಬೆಣ್ಣೆ ಹಾಗೇ ಉಳಿಯತ್ತೆ. ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸೋ ಹೈಡ್ರೋಮೀಟರ್ ರೀಡಿಂಗ್ ಎರಡ್ಮೂರು ದಿನ ಅಲ್ಲಾಡದೆ ನಿಂತ ಮೇಲೆ ಎರಡು ಗ್ಲಾಸಲ್ಲಿ ಸ್ಯಾಂಪಲ್ ತೆಗ್ದು ಎರಡನ್ನೂ ಮುಚ್ಚಿ, ಒಂದನ್ನ 60 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಇಟ್ಟು ಆರಿಸಿ, ಆಮೇಲೆ ಎರಡನ್ನೂ ಮೂಸಿ ನೋಡೋದು, ಅಡಗಿರೋ ಬೆಣ್ಣೆ ವಾಸನೆ ಬಿಸಿಗೆ ಹೊರಗೆ ಬರತ್ತೆ. ಬಿಸಿ ಮಾಡಿದ್ರಲ್ಲಿ ಬೆಣ್ಣೆ ಬಂದ್ರೆ ಇನ್ನೊಂದೆರಡು ದಿನ 21ರಲ್ಲೇ ಬಿಡ್ತೀನಿ, ಬರ್ಲಿಲ್ಲ ಅಂದ್ರೆ ಯೀಸ್ಟ್ ತಳ ಸೇರ್ಲಿ ಅಂತ 2 ಡಿಗ್ರಿಗೆ ಇಳಿಸ್ತೀನಿ. ಹಾಗೆ ಇಳಿಸುವಾಗ ಫರ್ಮೆಂಟರ್ ಒಳಗೆ ಎಳೆತ ಬಂದು ಏರ್‌ಲಾಕ್ ನೀರನ್ನ ಬಿಯರಿಗೆ ಎಳ್ಕೊಳ್ಳತ್ತೆ, ಅದಕ್ಕೆ ಮೊದಲೇ ಅದನ್ನ ತೆಗ್ದು ತೂತಿಗೆ ಗಟ್ಟಿ ಬಿರಡೆ ಹಾಕ್ಬೇಕು.